ಬೆನ್ನಮ್ಮನ ದಿಬ್ಬಕ್ಕೆ ಆ ಹೆಸರು ಬಂದದ್ದು

ನಮ್ಮ ಬಾದೆಹಟ್ಟಿಗೆ ಬರುವ ಮಣ್ಣುರಸ್ತೆ ದೊಡ್ಡ ಹುಣಸೆಮರದ ಹತ್ತಿರ ಎರಡಾಗುತ್ತದೆ. ಎಡಕ್ಕೆ ಹೋದರೆ ಹಟ್ಟಿ, ಬಲಕ್ಕೆ ಹೋದರೆ ಕೆಮ್ಮಣ್ಣಿನ ಒಂದು ದಿಬ್ಬ. ದಿಬ್ಬದ ನೆತ್ತಿಯಲ್ಲಿ ನಾಲ್ಕು ಕಂಬದ ಹುಲ್ಲಿನ ಚಪ್ಪರವಿದೆ. ಅದರಡಿಯಲ್ಲಿ ಕುಳಿತ ಹೆಂಗಸಿನಷ್ಟೇ ಎತ್ತರದ ಒಂದು ಕರಿಯ ಬಂಡೆ. ಹಟ್ಟಿಯ ಕಡೆಯಿಂದ ಹತ್ತಿದವರಿಗೆ ಅದರ ಬೆನ್ನು ಮಾತ್ರ ಕಾಣುತ್ತದೆ. ಬಾಗಿದ ಬೆನ್ನು, ಎಡ ಹೆಗಲಿಗಿಂತ ತಗ್ಗಿ ಜೋತ ಬಲ ಹೆಗಲು, ತುರುಬಿನಂಥ ಒಂದು ಉಬ್ಬು. ಅರಿಸಿನ, ಕುಂಕುಮ, ಕಣಗಿಲೆ ಹೂವು ಎಲ್ಲವೂ ಬೆನ್ನಿಗೇ. ಸುತ್ತಮುತ್ತಲ ಊರುಗಳ ದೇವರಿಗೆ ಬೆಳ್ಳಿಯ ಕಣ್ಣುಂಟು, ಮೀಸೆಯುಂಟು, ನಮ್ಮದಕ್ಕೆ ಮುಖವೇ ಇಲ್ಲ. 'ಹರಕೆ ಹೊತ್ತರೆ ಜೋರಾಗಿ ಕೂಗಿ ಹೊರಬೇಕು, ಕಿವಿ ಆ ಕಡೆಗಿದೆ' ಎಂದು ಬಂದವರ ಮುಂದೆ ನಾನೇ ಎಷ್ಟೋ ಸಲ ನಗೆ ಎಬ್ಬಿಸಿದ್ದೇನೆ. ಫೋಟೋ ತೆಗೆಯುವವರು ಬಂದರೆ 'ಅಮ್ಮಾ, ವಸಿ ಈ ಕಡೆ ತಿರುಗು, ನಗು' ಎಂದು ಕಿರುಚಿದ್ದೂ ಉಂಟು. ಒಂದು ದಿನ ಅಲ್ಲೇ ಹುಲ್ಲು ಹಸನು ಮಾಡುತ್ತಿದ್ದ ಸಿರಿಯಜ್ಜಿ ಅದನ್ನು ಕೇಳಿಸಿಕೊಂಡಳು. ಕೈಯಲ್ಲಿ ಕುಡುಗೋಲಿತ್ತು, ಓಡಲು ಸಿದ್ಧನಾದೆ. ಅವಳು ಬೈಯಲಿಲ್ಲ. 'ಹಿಂಗೇ ನಗಿಸೋನು ನಿನಗಿಂತ ಮದ್ಲೂ ಒಬ್ಬ ಇದ್ದ ಕಣ್ಲಾ, ಕುಂತ್ಕ ಇಲ್ಲಿ' ಎಂದಳು. ಅವಳು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಕಾಗುಣಿತದ ತಪ್ಪು ನನ್ನದು, ಉಳಿದ ತಪ್ಪು ಇಡೀ ಹಟ್ಟಿಯದು.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ಹೆಂಚು ಎಂಬುದನ್ನು ಯಾರೂ ಕಂಡಿರದ ಕಾಲದಲ್ಲಿ, ಬಾದೆಹಟ್ಟಿಯಲ್ಲಿ ಮೂವತ್ತೇಳು ಮನೆಗಳಿದ್ದವು ಎನ್ನುತ್ತಾರೆ. ಎಲ್ಲವೂ ಮಣ್ಣಿನ ಗೋಡೆಯವು, ಬಾದೆಹುಲ್ಲಿನ ಸೂರಿನವು. ಹುಲ್ಲು ಒಂದು ಮಳೆಗಾಲ ತಡೆಯುತ್ತದೆ, ಬಿಸಿಲು ತಿಂದ ಮೇಲೆ ಪುಡಿಯಾಗುತ್ತದೆ. ಹಾಗಾಗಿ ಯುಗಾದಿ ಕಳೆದ ಮೇಲೆ ರೋಹಿಣಿ ಮಳೆ ಬರುವುದರೊಳಗೆ ಅಷ್ಟೂ ಮನೆಗೆ ಹೊಸ ಹುಲ್ಲು ಹೊದಿಸಬೇಕು. ಒಂದು ಮನೆಯವರೇ ಮಾಡಿಕೊಳ್ಳುವ ಕೆಲಸ ಅದಲ್ಲ. ಆದ್ದರಿಂದ ಮುಯ್ಯಾಳಿನ ಪದ್ಧತಿ ಇತ್ತು. ಇವತ್ತು ಎಲ್ಲರೂ ನಿನ್ನ ಮನೆಗೆ, ನಾಳೆ ನೀನೂ ಸೇರಿ ಎಲ್ಲರೂ ಅವನ ಮನೆಗೆ. ಯಾರ ಮನೆ ಮೊದಲು, ಯಾರದು ಆಮೇಲೆ ಎಂದು ಜಗಳವಾಗಬಾರದಲ್ಲ, ಅದಕ್ಕೆ ಈ ದಿಬ್ಬದ ಮೇಲೆ ಸರದಿ ಕಲ್ಲುಗಳ ಸಾಲು. ಮನೆಗೊಂದು ಕಲ್ಲು, ಒಬ್ಬರು ತಲೆಯ ಮೇಲೆ ಹೊರುವಷ್ಟು ದೊಡ್ಡದು. ಸಾಲಿನ ಮೊದಲ ಕಲ್ಲು ಯಾರದೋ ಅವತ್ತು ಅವರ ಮನೆಯ ಕೆಲಸ. ಸಂಜೆ ಸೂರು ಮುಗಿದ ಮೇಲೆ ಆ ಮನೆಯವರು ತಮ್ಮ ಕಲ್ಲನ್ನು ಹೊತ್ತು ಸಾಲಿನ ಕೊನೆಗೆ ಇಟ್ಟು ಬರಬೇಕು. ಹೊಸದಾಗಿ ಮದುವೆಯಾಗಿ ಬೇರೆ ಮನೆ ಹೂಡುವವರು ಒಲೆಗೆ ಕಲ್ಲು ತರುವ ಮೊದಲು ಸರದಿಗೆ ಕಲ್ಲು ತರುತ್ತಿದ್ದರು. ಕೆಲಸಕ್ಕೆ ಎಲ್ಲರೂ ಒಂದೇ ಸಮ ಬರುತ್ತಿದ್ದರು ಅಂತಲ್ಲ. ಕಣ್ಣು ಹೋದ ಮುದುಕ ನೆರಳಿನಲ್ಲಿ ಕುಳಿತು ನೀರಿನ ಚೊಂಬು ಕೊಡುತ್ತಿದ್ದ. ಬಾಣಂತಿ ಎಲ್ಲರ ಕೂಸುಗಳನ್ನೂ ನೋಡಿಕೊಳ್ಳುತ್ತಿದ್ದಳು. ಅದೂ ಮುಯ್ಯೇ. ಚೊಂಬು ಕೊಟ್ಟವನ ಮನೆಗೂ ಅಷ್ಟೇ ಹುಲ್ಲು, ಅಷ್ಟೇ ಜನ.

ಆ ಮೂವತ್ತೇಳರಲ್ಲಿ ಒಂದು ಮನೆ ಜುಂಜಕ್ಕನದು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಸೂರಿನ ನೆತ್ತಿಯ ಮೇಲೆ ಕಾಲು ಚಾಚಿ ಕುಳಿತು ಹುರಿ ಬಿಗಿಯುವುದರಲ್ಲಿ ಅವಳನ್ನು ಮೀರಿಸುವ ಗಂಡಸು ಹಟ್ಟಿಯಲ್ಲಿರಲಿಲ್ಲವಂತೆ. ಇನ್ನೊಂದು ಮನೆ ಕೋಡಂಗಿ ಕ್ಯಾತನದು. ಬಯಲಾಟದಲ್ಲಿ ಕೋಡಂಗಿಯ ಟೋಪಿ ಹಾಕಿ ಜನರನ್ನು ನಗಿಸುವವನು ಅವನು. ಆಟ ಮುಗಿದರೂ ಅವನ ಟೋಪಿ ಇಳಿಯುತ್ತಿರಲಿಲ್ಲ. ಗೌಡ ಕೆಮ್ಮಿದರೆ ಗೌಡನ ಹಾಗೆ ಕೆಮ್ಮುವುದು, ಪೂಜಾರಿ ಕುಂಟಿದರೆ ಅವನ ಹಿಂದೆಯೇ ಕುಂಟುವುದು. ಒಂದು ವರ್ಷ ಕ್ಯಾತನ ಮನೆಯ ಸರದಿಯ ದಿನ, ಅವನು ಕೆಳಗಿನಿಂದ ಏನೋ ನಗೆಮಾತು ಎಸೆದ. ಮೇಲಿದ್ದ ಜುಂಜಕ್ಕ ನಕ್ಕು ಕೈ ಜಾರಿ ನೆಲಕ್ಕೆ ಬಿದ್ದಳು. ಬಲ ಹೆಗಲು ಮುರಿಯಿತು. ಕಟ್ಟು ಕಟ್ಟಿದರೂ ಕೈ ಮೊದಲಿನ ಹಾಗೆ ಮೇಲೇಳಲಿಲ್ಲ. ಆಗ ಹಟ್ಟಿಯವರು ಅವಳನ್ನು ಬಿಡಲಿಲ್ಲ ಎನ್ನುವುದನ್ನೂ ಹೇಳಬೇಕು. ದಿನಕ್ಕೊಂದು ಮನೆಯಿಂದ ಮುದ್ದೆ ಹೋಯಿತು, ಅವಳ ಹೊಲದ ಕಳೆ ತೆಗೆದರು. ಅವಳೂ ಸುಮ್ಮನಿರಲಿಲ್ಲ. ಪುಂಡಿನಾರಿನ ಎಳೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಎಡಗೈಯಲ್ಲಿ ಹುರಿ ಹೊಸೆಯುವುದನ್ನು ಕಲಿತಳು. ಸೂರು ಹತ್ತದಿದ್ದರೇನು, ಸೂರು ಬಿಗಿಯುವ ಹುರಿಯೆಲ್ಲ ಅವಳದೇ ಆಯಿತು. ಯಾರು ಯಾರಿಗೆ ಸಹಾಯ ಮಾಡುತ್ತಿದ್ದಾರೆ ಎಂದು ಕೇಳಿದ್ದರೆ ಅವತ್ತು ಯಾರಿಗೂ ಹೇಳಲು ಬರುತ್ತಿರಲಿಲ್ಲ.

ಆ ವರ್ಷದ ಸುಗ್ಗಿ ಮುಗಿದ ಮೇಲೆ ಪೇಟೆಯಿಂದ ಗುರುಶಾಂತ ಶೆಟ್ಟರು ಬಂದರು. ಕೆಟ್ಟವರಲ್ಲ. ಅವರ ಒಬ್ಬಳೇ ಮಗಳು ಕಾಯಿಲೆಯಿಂದ ಉಳಿದಿದ್ದಳು, ಏಳು ಊರಿನ ಗತಿಯಿಲ್ಲದವರಿಗೆ ಅನ್ನ ಹಾಕುತ್ತೇನೆಂದು ಹರಕೆ ಹೊತ್ತಿದ್ದರು. ಯಾವ ಊರಿನಲ್ಲಿ ಗತಿಯಿಲ್ಲದವರಿದ್ದಾರೋ ಅಲ್ಲಿ ಛತ್ರ ಕಟ್ಟುವುದು, ದಿನಾ ಮಧ್ಯಾಹ್ನ ಅನ್ನ, ತೊವ್ವೆ, ತುಪ್ಪ, ಅವರ ನೆಪದಲ್ಲಿ ಬಂದವರಿಗೂ ಎಲೆ. ಅನ್ನ ಎಂದರೆ ಆಗಿನ ಹಟ್ಟಿಗೆ ಏನು ಗೊತ್ತೇ? ರಾಗಿ ಮುದ್ದೆ ಉಣ್ಣುವ ಜನ, ಅಕ್ಕಿಯನ್ನು ಹಬ್ಬದಲ್ಲಿ ಕಂಡರೆ ಕಂಡರು. ಶೆಟ್ಟರ ಪಾರುಪತ್ತೇಗಾರ, ಛತ್ರದ ಮೇಲ್ವಿಚಾರಣೆಯವನು, ಓಲೆಗರಿ ಹಿಡಿದು ಕೇಳಿದ: 'ನಿಮ್ಮಲ್ಲಿ ಗತಿಯಿಲ್ಲದವರು ಯಾರಿದ್ದಾರೆ, ಹೆಸರು ಹೇಳಿ.' ಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಕಿದರೆ ಒಬ್ಬರೂ ಸಿಗಲಿಲ್ಲ! ಎಲ್ಲರಿಗೂ ಕಲ್ಲಿತ್ತಲ್ಲ. ಪಾರುಪತ್ತೇಗಾರ ಓಲೆ ಮಡಿಚಿ ಎದ್ದ. 'ಹಂಗಾದ್ರೆ ಛತ್ರ ಮುಂದಿನೂರಿಗೆ' ಎಂದ. ತುಪ್ಪದನ್ನ ಬಾಗಿಲವರೆಗೆ ಬಂದು ವಾಪಸ್ಸು ಹೋಗುವುದನ್ನು ಯಾರು ನೋಡುತ್ತಾರೆ? ಆಗಲೇ ಕ್ಯಾತ ಬಲ ಹೆಗಲನ್ನು ಜೋತುಬಿಟ್ಟು, ಬಾಯಿ ಸೊಟ್ಟ ಮಾಡಿ, ಮುಂದೆ ಬಂದು ನಿಂತದ್ದು.

'ಯಾಕ್ರಪ್ಪಾ ಇಲ್ಲ ಅಂತೀರಿ? ನಮ್ ಜುಂಜಕ್ಕ ಇಲ್ವಾ? ಒಂದೇ ಕೈ. ಚಪ್ಪಾಳೆ ಹೊಡೀಬೇಕು ಅಂದ್ರೂ ಪಕ್ಕದ ಮನೆಯೋಳ ಕೈ ಕೇಳ್ಬೇಕು!'

ಎಲ್ಲರೂ ನಕ್ಕರು. ಗೌಡನೂ ನಕ್ಕ. ನಗುತ್ತಿರುವಾಗಲೇ ಪಾರುಪತ್ತೇಗಾರ ಬರೆದುಕೊಂಡ. ಜುಂಜಕ್ಕ ಆಗ ಅಲ್ಲಿರಲಿಲ್ಲ, ಯಾರದೋ ಮನೆಗೆ ಹುರಿ ಕೊಡಲು ಹೋಗಿದ್ದಳು. ಬರೆದದ್ದನ್ನು ಅಳಿಸಿ ಎಂದು ಒಬ್ಬರೂ ಹೇಳಲಿಲ್ಲ. ಬರೆದ ಮೇಲೆ ಅವನು ಇನ್ನೊಂದು ಮಾತು ತೆಗೆದ. ಗತಿಯಿಲ್ಲದವಳು ಎಂದ ಮೇಲೆ ಅವಳಿಗೆ ಸರದಿ ಗಿರದಿ ಇರಬಾರದು, ಶೆಟ್ಟರಿಗೆ ಗೊತ್ತಾದರೆ ಸುಳ್ಳು ಹೆಸರು ಕೊಟ್ಟಂತಾಗುತ್ತದೆ. ಗೌಡ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ದಿಬ್ಬ ಹತ್ತಿ ಅವಳ ಕಲ್ಲನ್ನು ಸಾಲಿನಿಂದ ತೆಗೆಸಿದ. ಛತ್ರದ ಕಟ್ಟಡಕ್ಕೆ ಒಂದು ಮೆಟ್ಟಿಲು ಕಡಿಮೆ ಬಿದ್ದಿತ್ತು. ಕಲ್ಲು ಅಲ್ಲಿಗೆ ಹೋಯಿತು.

ಯುಗಾದಿ ಕಳೆದು ಮೊದಲ ಮನೆಯ ಕೆಲಸದ ಬೆಳಿಗ್ಗೆ ಜುಂಜಕ್ಕ ಹುರಿಯ ಸುರುಳಿಯನ್ನು ಎಡ ಹೆಗಲಿಗೆ ಹಾಕಿಕೊಂಡು ಬಂದಳು. 'ನೀನ್ಯಾಕಕ್ಕ ಬರೋಕೋದೆ, ಸುಮ್ನೆ ಮನೇಲಿರು, ನಿನಗೆ ಅನ್ನದ ಏರ್ಪಾಡಾಗೈತೆ' ಎಂದರು. ಎಲ್ಲರೂ ಮೆತ್ತಗೆ ಮಾತಾಡಿದರು, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ. ಅವಳ ಹುರಿಯನ್ನು ಯಾರೂ ಮುಟ್ಟಲಿಲ್ಲ. ತೆಗೆದುಕೊಂಡರೆ ಅದು ಮುಯ್ಯಾಗುತ್ತದೆ, ಮುಯ್ಯಾದರೆ ತಿರುಗಿ ಅವಳ ಮನೆಗೂ ಹೋಗಬೇಕಾಗುತ್ತದೆ. ಅವಳು ದಿಬ್ಬ ಹತ್ತಿ ಸಾಲನ್ನು ನೋಡಿದಳು. ಕಲ್ಲಿದ್ದ ಜಾಗದಲ್ಲಿ ಬಿಳಿಚಿಕೊಂಡ ಮಣ್ಣು, ನಾಲ್ಕು ಇರುವೆ. ಇಳಿದು ಬಂದು ಗೌಡನನ್ನು ಕೇಳಿದಳು: 'ನನ್ ಕಲ್ಲೆಲ್ಲಪ್ಪಾ?' ಗೌಡ, 'ಕಲ್ಲು ತಗಂಡು ಏನ್ ಮಾಡ್ತೀಯವ್ವ, ಇನ್ ಮ್ಯಾಲೆ ನಿನಗೇನು ಕಷ್ಟ?' ಎಂದ. ಅವಳ ಕಷ್ಟ ಅದೊಂದೇ ಆಗಿತ್ತು ಎಂಬುದು ಗೌಡನಿಗೆ ತಿಳಿಯಲಿಲ್ಲವೋ, ತಿಳಿದೂ ಹಾಗೆಂದನೋ, ಸಿರಿಯಜ್ಜಿಗೂ ಗೊತ್ತಿಲ್ಲ.

ಛತ್ರಕ್ಕೆ ಜುಂಜಕ್ಕ ಹೋದದ್ದು ಒಂದೇ ದಿನ. ಬರಿಗೈಯಲ್ಲಿ ಹೋಗಬಾರದೆಂದು ಮಡಿಲು ತುಂಬ ಅಣ್ಣೆಸೊಪ್ಪು ಕೊಯ್ದುಕೊಂಡು ಹೋಗಿದ್ದಳು. ಪಾರುಪತ್ತೇಗಾರ ಅದನ್ನು ಹೊರಗೆ ಸುರಿಸಿದ. 'ಇಲ್ಲಿ ಕೊಡೋರು ಶೆಟ್ಟರು, ತಗೊಳ್ಳೋರು ನೀವು. ನೀನೂ ಕೊಟ್ರೆ ಧರ್ಮ ಕೆಡ್ತದೆ. ಹೆಸರು ಕೂಗ್ತೀನಿ, ಓ ಅಂದು ಎದ್ದು ನಿಲ್ಲು' ಎಂದ. ಓಲೆ ನೋಡಿ ಕೂಗಿದ: 'ಬಾದೆಹಟ್ಟಿಯ ಗತಿಯಿಲ್ಲದ ಜುಂಜಕ್ಕಾ!' ಅವಳು ಎದ್ದಳು, ನಿಲ್ಲಲಿಲ್ಲ. ಹೊರಬರುವಾಗ ಬಾಗಿಲಲ್ಲಿ ಕಾಲಡಿಯ ಮೆಟ್ಟಿಲನ್ನು ನೋಡಿದಳು, ಅದು ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ದಾಟಿ ಇಳಿದಳು. ಅಂದಿನಿಂದ ದಿನವೂ ದಿಬ್ಬಕ್ಕೆ ಬಂದು, ತನ್ನ ಕಲ್ಲಿದ್ದ ಜಾಗದ ಪಕ್ಕ, ಹಟ್ಟಿಗೆ ಬೆನ್ನು ಹಾಕಿ ಕುಳಿತು ಹುರಿ ಹೊಸೆಯತೊಡಗಿದಳು.

ಇನ್ನು ಹೇಳುವುದು ಬಾಯಿಗೆ ಬರುವ ಮಾತಲ್ಲ, ಆದರೂ ಹೇಳಬೇಕು. ಛತ್ರದಲ್ಲಿ ದಿನವೂ ಅವಳ ಹೆಸರು ಕೂಗಲೇಬೇಕಿತ್ತು, ಓ ಎನ್ನುವವರಿಲ್ಲದಿದ್ದರೆ ಒಲೆ ಹಚ್ಚುವಂತಿರಲಿಲ್ಲ. ಮಾರನೆಯ ದಿನ ಕೂಗಿದಾಗ ಕ್ಯಾತ ಹೆಗಲು ಜೋತುಬಿಟ್ಟು, ಜುಂಜಕ್ಕನ ದನಿ ಮಾಡಿ, 'ಓ...' ಎಂದ. ಪಾರುಪತ್ತೇಗಾರನೂ ನಕ್ಕುಬಿಟ್ಟ. ಎಲೆ ಹಾಕಿದರು. ಅವಳ ಪಾಲು, ಅವಳ ನೆಪದಲ್ಲಿ ಬಂದವರ ಪಾಲು, ಇಡೀ ಹಟ್ಟಿ ಕುಳಿತು ಉಂಡಿತು. ಮೂರನೆಯ ದಿನ, ನಾಲ್ಕನೆಯ ದಿನ ಅದೇ. ಬರಬರುತ್ತ ಅದು ನಗೆಯೂ ಅಲ್ಲ, ಪದ್ಧತಿಯೇ ಆಗಿಹೋಯಿತು. ಕೂಗು, ಓ, ಎಲೆ, ಅನ್ನ. ದಿಬ್ಬ ಛತ್ರದಿಂದ ದೂರವಿಲ್ಲ, ತನ್ನದೇ ದನಿ ಕೆಳಗಿನಿಂದ ಓ ಎನ್ನುವುದು ಜುಂಜಕ್ಕನಿಗೆ ಕೇಳಿಸುತ್ತಿತ್ತು. ಹೊಲದ ದಾರಿಯಲ್ಲಿ ಹೋಗುವವರು ಮೊದಮೊದಲು ದಿಬ್ಬದ ಕಡೆ ನೋಡದೆ ಬೇಗ ಬೇಗ ದಾಟುತ್ತಿದ್ದರು. ಆಮೇಲೆ ನೋಡಿದರೂ ಏನೂ ಅನ್ನಿಸದಂತಾಯಿತು. ಹೊಲದ ಹುರುಳಿ, ಬೇಲಿಯ ಸೊಪ್ಪು, ಅವಳು ಏನು ಬೇಯಿಸಿಕೊಂಡಳೋ ಯಾರೂ ಕೇಳಲಿಲ್ಲ, ಛತ್ರ ಇದೆಯಲ್ಲ ಎಂದುಕೊಂಡರು. ಅವಳ ಸೂರಿಗೆ ಆ ವರ್ಷ ಯಾರೂ ಹುಲ್ಲು ಹೊದಿಸಲಿಲ್ಲ. ಹಟ್ಟಿಯವರು ಅದು ಶೆಟ್ಟರ ಕೆಲಸ ಎಂದರು. ಶೆಟ್ಟರ ಕಡೆಯವನು ನಮ್ಮ ಧರ್ಮದಲ್ಲಿ ಅನ್ನ ಮಾತ್ರ ಬರೆದಿದೆ, ಹುಲ್ಲು ಬರೆದಿಲ್ಲ ಎಂದ. ಹೇಗೋ ಹಳೆಯ ಹುಲ್ಲೇ ಒಂದು ಮಳೆಗಾಲ ತಡೆಯಿತು.

ಮರುವರ್ಷ ಭರಣಿ ಮಳೆ ಆಲಿಕಲ್ಲಿನ ಜೊತೆಗೆ ಬಂತು. ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಗಾಳಿ ಜುಂಜಕ್ಕನ ಸೂರನ್ನು ಮೊರದ ಹೊಟ್ಟಿನ ಹಾಗೆ ಎತ್ತಿ ಒಗೆಯಿತು, ನೆಂದ ಗೋಡೆ ಒಳಕ್ಕೆ ಕುಸಿಯಿತು. ಅವಳು ಹೊರಗೆ ಬಂದು, ಯಾರ ಬಾಗಿಲಿಗೂ ಹೋಗದೆ, ಹಟ್ಟಿಯ ನಡುವೆ ನಡೆದು, ದಿಬ್ಬ ಹತ್ತಿ, ದಿನಾ ಕೂರುವಲ್ಲಿ ಕುಳಿತಳು. ಮೂವತ್ತಾರು ಬಾಗಿಲಿನಿಂದ ಮೂವತ್ತಾರು ಮನೆಯವರು ನೋಡಿದರು. ಪಕ್ಕದ ಮನೆಯವರು ಹೋಗುತ್ತಾರೆ ಎಂದು ಇವರು, ಇವರು ಹೋಗುತ್ತಾರೆ ಎಂದು ಅವರು. ಎಲ್ಲರೂ ಸೇರಿ, ಛತ್ರದವರು ಹೋಗುತ್ತಾರೆ ಎಂದು. ಇವತ್ತು ಅವಳ ಮನೆಗೆ ಹೋಗುವ ದಿನ ಎಂದು ಹೇಳುವ ಕಲ್ಲೇ ಸಾಲಿನಲ್ಲಿರಲಿಲ್ಲವಲ್ಲ!

ಆಲಿಕಲ್ಲು ನಿಂತ ಮೇಲೆ ಹೋದರು. ಎಲ್ಲರೂ ಹೋದರು. ಕಂಬಳಿ, ಬಿಸಿ ಮುದ್ದೆ, ಕಷಾಯ, ಒಣಗಿದ ಸೀರೆ. ಗೌಡ 'ನಮ್ಮನೆಗೆ ಬಂದ್ಬಿಡವ್ವ' ಎಂದ. ಅವಳು ತಿರುಗಲಿಲ್ಲ.

'ಇವತ್ತು ಯಾರ ಸರದಿ?' ಎಂದು ಕೇಳಿದಳು.

ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು. ಕೊನೆಗೆ ಒಬ್ಬಳು, 'ಸರದಿ ಅಂತಲ್ಲ ಕಣಕ್ಕ, ಅಯ್ಯೋ ಪಾಪ ಅಂತ ಬಂದೀವಿ' ಎಂದಳು.

'ಪಾಪ ಅಂತ ಬಂದೋರು ಹೋಗ್ರವ್ವ, ನೆನೀತೀರಿ. ಸರದಿ ಅಂತ ಬಂದೋರಿದ್ರೆ ಕುಂತ್ಕಳಿ.'

ಕುಳಿತುಕೊಳ್ಳುವ ಮುಖ ಯಾರಿಗಿತ್ತು? ಕಂಬಳಿಯನ್ನು ಅವಳ ಹಿಂದೆ ಇಟ್ಟು ಒಬ್ಬೊಬ್ಬರೇ ಇಳಿದರು. ಇಟ್ಟ ಕಂಬಳಿಯನ್ನು ಅವಳು ಮುಟ್ಟಲಿಲ್ಲ. ಕೊನೆಗೆ ಇಳಿದವನು ಕ್ಯಾತ. ಅವನು ಮನೆಗೆ ಹೋಗಲಿಲ್ಲ, ಹಾರೆ ತೆಗೆದುಕೊಂಡು ನೆಟ್ಟಗೆ ಛತ್ರಕ್ಕೆ ಹೋಗಿ ಮೆಟ್ಟಿಲಿಗೆ ಹಾರೆ ಹಾಕಿದ. 'ಏಯ್, ಹುಚ್ಚು ಹಿಡೀತೇನೋ, ಮೆಟ್ಲು ಕಿತ್ರೆ ಛತ್ರಾನೂ ಕಿತ್ಕೊಂಡು ಹೋಗ್ತಾರೆ ಶೆಟ್ಟರು!' ಎಂದು ಪಾರುಪತ್ತೇಗಾರ ಅರಚಿದ. ಇದೂ ಕೋಡಂಗಿಯ ಒಂದು ಆಟವೆಂದು ಒಂದಿಬ್ಬರು ನಗಲು ಬಾಯಿ ತೆರೆದರು. ಕ್ಯಾತನ ಮುಖ ನೋಡಿ ಮುಚ್ಚಿಕೊಂಡರು. ಕಲ್ಲು ಎದ್ದಿತು. ಒಬ್ಬನೇ ತಲೆಯ ಮೇಲೆ ಹೊತ್ತ. ಯಾರೋ ಕೈಕೊಡಲು ಬಂದರೆ ಬೇಡವೆಂದ. ಕೆಸರಿನಲ್ಲಿ ಎರಡು ಸಲ ಜಾರಿ ಬಿದ್ದ, ಎರಡು ಸಲವೂ ಕಲ್ಲನ್ನು ನೆಲಕ್ಕೆ ತಾಗಗೊಡಲಿಲ್ಲ ಎನ್ನುತ್ತಾರೆ. ದಿಬ್ಬ ಹತ್ತುವಷ್ಟರಲ್ಲಿ ಮೋಡ ಒಡೆದು ಬಿಸಿಲು ಬಂದಿತ್ತು. ಸಾಲಿನ ಮೊದಲಲ್ಲಿ, ಎಲ್ಲ ಕಲ್ಲಿಗಿಂತ ಮುಂದೆ, ಅವಳ ಕಲ್ಲನ್ನು ಇಟ್ಟ. ಇಟ್ಟು, ವರ್ಷವಿಡೀ ಅವಳ ದನಿಯಲ್ಲಿ ಓಗೊಟ್ಟ ಬಾಯಿಯಿಂದ, ತನ್ನದೇ ದನಿಯಲ್ಲಿ ಕೂಗಿದ:

'ಜುಂಜಕ್ಕಾ! ನಿನ್ ಸರದಿ ಕಣಕ್ಕಾ!'

ಕೆಳಗೆ ನಿಂತಿದ್ದ ಹಟ್ಟಿಯೆಲ್ಲ ಕಿವಿಗೊಟ್ಟಿತು. ಓ ಎನ್ನುವ ದನಿ ಬರಲಿಲ್ಲ. ಕ್ಯಾತ ಇನ್ನೊಂದು ಸಲ ಕೂಗಿದ, ಮತ್ತೊಂದು ಸಲ ಕೂಗಿದ. ಆಮೇಲೆ ಬಳಸಿಕೊಂಡು ಅವಳ ಮುಂದಕ್ಕೆ ಹೋದ. ಅಲ್ಲಿ ಏನು ಕಂಡನೋ ಅದನ್ನು ಅವನು ಸಾಯುವವರೆಗೂ ಯಾರಿಗೂ ಹೇಳಲಿಲ್ಲ. ಇಳಿದು ಬಂದು, 'ಯಾರೂ ಆ ಕಡೆಗೆ ಹೋಗ್ಬೇಡ್ರಪ್ಪ. ನೋಡೋ ಯೋಗ್ಯತೆ ನಮಗಿಲ್ಲ' ಎಂದಷ್ಟೇ ಅಂದ. ಅವಳು ಕುಳಿತಲ್ಲೇ ಕಲ್ಲಾಗಿದ್ದಳು ಎನ್ನುತ್ತಾರೆ. ಕೋಡಂಗಿಯ ಟೋಪಿಯನ್ನು ಅವನು ಮತ್ತೆ ಹಾಕಲಿಲ್ಲ. ಯಾರಾದರೂ ನಕ್ಕರೆ ಅಲ್ಲಿಂದ ಎದ್ದು ಹೋಗುತ್ತಿದ್ದನಂತೆ.

ಮಾರನೆಯ ಬೆಳಿಗ್ಗೆ ಅವಳ ಸರದಿಯೆಂದು ಹಟ್ಟಿಯೆಲ್ಲ ಅವಳ ಮನೆಗೆ ಹೋಯಿತು. ಹೊದಿಸಲು ಸೂರೂ ಇಲ್ಲ, ಒಳಗೆ ಇರುವವಳೂ ಇಲ್ಲ. ಕುಸಿದ ಗೋಡೆಯ ಮಣ್ಣು ಸರಿಸಿದಾಗ ಅಡಿಯಲ್ಲಿ ಹೊಸ ಹುರಿಯ ಸುರುಳಿಗಳು ಸಿಕ್ಕವು. ಒಂದೊಂದೂ ಒಂದು ಸೂರಿಗೆ ಸಾಕಾಗುವಷ್ಟು. ಎಣಿಸಿದರು, ಮೂವತ್ತಾರಿದ್ದವು. ಮೂವತ್ತೇಳನೆಯದು, ಅವಳ ಸೂರಿನದು, ಇರಲಿಲ್ಲ. ಅದನ್ನು ಯಾರಾದರೂ ತರುತ್ತಾರೆಂದು ಬಿಟ್ಟಿದ್ದಳೇನೋ. ಸುರುಳಿಗಳನ್ನು ಮನೆಗೆ ಒಯ್ಯುವುದು ಹೇಗೆ, ಬಿಟ್ಟು ಹೋಗುವುದು ಹೇಗೆ ಎಂದು ತಿಳಿಯದೆ ಜನ ಹೊತ್ತು ಏರುವವರೆಗೂ ನಿಂತೇ ಇದ್ದರಂತೆ. ಕೊನೆಗೆ ಪ್ರತಿ ಸುರುಳಿಯಿಂದಲೂ ಒಂದೊಂದು ಮಾರು ಕತ್ತರಿಸಿ, ಅದರಿಂದಲೇ ಬಿಗಿದು ಬಂಡೆಯ ಮೇಲೆ ಚಪ್ಪರ ಹಾಕಿದರು. ಉಳಿದದ್ದನ್ನು ತಲೆ ತಗ್ಗಿಸಿಕೊಂಡು ಮನೆಗೆ ಒಯ್ದರು. ಛತ್ರದಿಂದ ನಮ್ಮೂರಿನ ಹೆಸರು ತೆಗೆಯಿರಿ ಎಂದು ಶೆಟ್ಟರಿಗೆ ಹೇಳಿಕಳಿಸಿದರು. ಅವರು 'ಎಂಥ ಕೃತಘ್ನ ಜನ' ಎಂದು ನೊಂದುಕೊಂಡರಂತೆ. ಅವರಿಗೆ ನಿಜ ಹೇಳುವ ಧೈರ್ಯ ಹಟ್ಟಿಯಲ್ಲಿ ಯಾರಿಗೂ ಬರಲಿಲ್ಲ. ಅವಳನ್ನು ಹೆಸರು ಹಿಡಿದು ಕರೆಯುವ ಬಾಯಿಯೂ ಉಳಿಯಲಿಲ್ಲ, ಆ ಹೆಸರನ್ನು ಕೂಗಿಯೇ ಅಲ್ಲವೇ ಅನ್ನ ಉಂಡದ್ದು. ಕಂಡದ್ದು ಬೆನ್ನೊಂದೇ ಆದ್ದರಿಂದ ಬೆನ್ನಮ್ಮ ಎಂದರು, ದಿಬ್ಬ ಬೆನ್ನಮ್ಮನ ದಿಬ್ಬವಾಯಿತು.

ಈಗ ಹಟ್ಟಿಯಲ್ಲಿ ತಗಡಿನ ಸೂರು ಬಂದಿವೆ, ತಾರಸಿ ಬಂದಿವೆ. ಹುಲ್ಲು ಉಳಿದಿರುವುದು ಆ ಚಪ್ಪರಕ್ಕೆ ಮಾತ್ರ. ಕಲ್ಲಿನ ಸಾಲು ಮಾತ್ರ ಬೆಳೆಯುತ್ತಲೇ ಇದೆ, ಹೋದ ತಿಂಗಳು ತೊಂಬತ್ತೆರಡಿದ್ದವು. ಬಿತ್ತನೆಯೋ, ಬಾಣಂತನವೋ, ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂರುವುದೋ, ಕೆಲಸ ಯಾವುದಾದರೂ ಸರದಿ ಅಲ್ಲೇ. ಎಲ್ಲ ಕಲ್ಲುಗಳೂ ಜಾಗ ಬದಲಿಸುತ್ತವೆ, ಮೊದಲನೆಯದನ್ನು, ಬೆನ್ನಮ್ಮನದನ್ನು, ಯಾರೂ ಕದಲಿಸುವುದಿಲ್ಲ, ಸರದಿ ಅದರ ಪಕ್ಕದ್ದರಿಂದ ಶುರು. ಉಳಿದವು ಒರಟು, ಅದೊಂದರ ಮೇಲ್ಮೈ ಮಾತ್ರ ಅಂಗೈಯಷ್ಟು ನುಣುಪು. ಒಂದು ವರ್ಷದಲ್ಲಿ ಕಲ್ಲು ಅಷ್ಟು ಸವೆಯುತ್ತದೆಯೇ ಎಂದು ಕೇಳಬೇಡಿ, ನಾನೂ ಕೇಳಿದ್ದೆ, ಸಿರಿಯಜ್ಜಿ ಹುಲ್ಲು ಹಸನು ಮಾಡುತ್ತ ಹೋದಳು. ಬಂದವರು ಬಗ್ಗಿ ಅದನ್ನು ಸವರುತ್ತಾರೆ, 'ಆಹಾ, ಎಷ್ಟು ನುಣ್ಣಗಿದೆ, ಹೊಳೆಯಿಂದ ತಂದಿದ್ದಾ?' ಎನ್ನುತ್ತಾರೆ. ಅಲ್ಲಿ ನಿಂತಿರುವ ನಮ್ಮವರಲ್ಲಿ ಯಾರೋ ಒಬ್ಬರು ಹೇಳಬೇಕು. 'ಹೊಳೆಯದಲ್ಲ ಸ್ವಾಮಿ, ನಾವು ತುಳಿದದ್ದು' ಎಂದು ಹೇಳುತ್ತಾರೆ.